ನೀರೊಡೆಯುವ ಕಾರ್ಖಾನೆ – ಕಂತು ಒಂಬತ್ತು: ಬೇಯದ ಬೇಳೆ

"ಏನಮ್ಮ ಇದು, ಬೇಳೆ ಸಾರಾ ಇಲ್ಲಾ ಜಲ್ಲಿಕಲ್ಲಾ?"

ಎ.ಎಸ್.ಐ. ಚಲುವಯ್ಯ ತಟ್ಟೆಯನ್ನು ಬೆಂಚಿನ ಮೇಲೆ ಕುಕ್ಕಿದ. ಮುದ್ದೆ ಅರ್ಧ ಮುಗಿದಿತ್ತು. ಸಾರಿನ ತಳದಲ್ಲಿ ತೊಗರಿ ಬೇಳೆ ಒಂದೊಂದೂ ಬೇರೆ ಬೇರೆಯಾಗಿ, ಅಂಗಡಿಯಿಂದ ತಂದ ಹಾಗೇ ಕೂತಿತ್ತು. ಅವನ ಬಲಗಡೆಯ ದವಡೆ ಹಲ್ಲು ಮೊದಲೇ ಅಲ್ಲಾಡುತ್ತಿತ್ತು.

ಪುಟ್ಟತಾಯಮ್ಮ ಒಲೆಯ ಮುಂದಿನಿಂದ ತಿರುಗಿಯೂ ನೋಡಲಿಲ್ಲ.

"ಬೇಯಾಕಿಲ್ಲ ಕಣಣ್ಣ, ನಾನೇನ್ ಮಾಡ್ಲಿ? ಬೆಳಗ್ಗೆ ಎಂಟ್ ಗಂಟೆಗೆ ಒಲೆ ಮೇಲೆ ಇಟ್ಟಿದ್ದು. ಈ ಬೋರ್‌ವೆಲ್ ನೀರಲ್ಲಿ ಬೇಳೆ ಬೆಂದದ್ದು ಯಾವತ್ತು?"

"ಹೋದ ತಿಂಗಳು ಬಂದಾಗ ಬೆಣ್ಣೆ ಇದ್ದಂಗೆ ಇತ್ತಲ್ಲ?"

"ಆವಾಗ ಅಪ್ಪು ಇದ್ದ."

ಚಲುವಯ್ಯನ ಕೈ ತಟ್ಟೆಯಲ್ಲೇ ನಿಂತಿತು.

ದೇವಲಾಪುರದಿಂದ ಹೊಣಕೆರೆ ಕಡೆಗೆ ಹೋಗುವ ರಸ್ತೆಯ ಪಕ್ಕ ಪುಟ್ಟತಾಯಮ್ಮ ಚಾ, ಊಟ ಮಾರುವ ತಗಡಿನ ಶೆಡ್ಡು ಅದು. ಎದುರಿಗೆ ಕಾರ್ಖಾನೆ. ಎಂಬತ್ತು ಎಕರೆ ಸೋಲಾರ್ ಹಲಗೆ, ನಡುವೆ ಒಂದಷ್ಟು ಬಿಳಿ ಕಟ್ಟಡ. ಬಿಸಿಲಿನಿಂದ ಬಂದ ಕರೆಂಟನ್ನು ನೀರಿನೊಳಕ್ಕೆ ಹಾಯಿಸಿ ಅದನ್ನು ಎರಡು ಗ್ಯಾಸಾಗಿ ಬೇರೆ ಮಾಡುತ್ತಾರೆ, ಒಂದು ಹೈಡ್ರೋಜನ್, ಇನ್ನೊಂದು ಆಕ್ಸಿಜನ್. ಬೋರ್ಡಿನ ಮೇಲೆ ಹಸಿರು ಹೈಡ್ರೋಜನ್ ಎಂದು ದೊಡ್ಡದಾಗಿ ಬರೆದಿದ್ದರೂ ಸುತ್ತಲಿನ ಜನ ಕರೆಯುವುದು ನೀರೊಡೆಯೋ ಫ್ಯಾಕ್ಟ್ರಿ ಎಂದೇ.

ಇಪ್ಪತ್ತಮೂರು ದಿನದ ಹಿಂದೆ, ಭಾನುವಾರ ಮಧ್ಯಾಹ್ನ ಮೂರೂ ಮುಕ್ಕಾಲಿಗೆ, ಅಲ್ಲಿಯ ಮಿಷನ್ ಮನೆ ಸಿಡಿದು ಆಪರೇಟರ್ ಅಪ್ಪು ಸತ್ತಿದ್ದ. ಕೊಳವೆಬಾವಿಯ ಗಡಸು ನೀರು ತಂದು ಸುರಿದು ಮಿಷನ್ ಕೆಡಿಸಿದ ಎಂದು ಟ್ಯಾಂಕರ್ ಯಾಸಿನ್ ಜೈಲಿನಲ್ಲಿದ್ದ. ಅವನನ್ನು ಪಾಂಡವಪುರದ ಮನೆಯಿಂದ ಎಳೆದುಕೊಂಡು ಬಂದವನು ಇದೇ ಚಲುವಯ್ಯ.

ನಾಳೆ ಹನ್ನೊಂದು ಗಂಟೆಗೆ ನಾಗಮಂಗಲದ ಕೋರ್ಟಿನಲ್ಲಿ ಯಾಸಿನ್‌ನ ಜಾಮೀನು ಅರ್ಜಿ. ಬಿಡಬಹುದೋ ಬಿಡಬಾರದೋ ಎಂದು ಪೊಲೀಸರ ವರದಿ ಹೋಗಬೇಕು. ಇನ್ಸ್‌ಪೆಕ್ಟರು ಅದನ್ನೂ ಚಲುವಯ್ಯನ ತಲೆಗೇ ಕಟ್ಟಿ ಬಂದೋಬಸ್ತಿಗೆ ಹೋಗಿದ್ದರು.

"ಅಪ್ಪುಗೂ ನಿನ್ನ ಬೇಳೆಗೂ ಏನು ಸಂಬಂಧ?"

"ಫ್ಯಾಕ್ಟ್ರಿ ನೀರು ತರೋನಲ್ಲ. ದಿನಾ ಒಂದ್ ಕ್ಯಾನು." ಆಕೆ ಈಗ ತಿರುಗಿದಳು. ಕಣ್ಣು ಹೊಗೆಗೆ ಕೆಂಪಗಾಗಿತ್ತೋ ಬೇರೆ ಯಾವುದಕ್ಕೋ. "ಒಳಗಡೆ ನೀರ್ನ ಸೋಸಿ ಸೋಸಿ ಮಿಷನ್ಗೆ ಬುಡ್ತಾರಲ್ಲ, ಆ ನೀರು. ಅದ್ರಲ್ಲಿ ಬೇಳೆ ಹಾಕುದ್ರೆ ಅರ್ಧ ಗಂಟೆ ಬೇಡ, ಹೂವಾಗ್ಬುಡೋದು. ನಮ್ ಬೋರ್ ನೀರಲ್ಲಿ ಸೌದೆ ಮುಗುದೋಗ್ತದೆ, ಬೇಳೆ ಬೇಯಾಕಿಲ್ಲ. ನೋಡಿ ಅಯ್ಯೋ ಅಂದು ತಂದ್ಕೊಡ್ತಿದ್ದ. ನಾನು ಚಾ ದುಡ್ಡು ಈಸ್ಕತಿರ್ಲಿಲ್ಲ."

ಚಲುವಯ್ಯ ಲೋಟದ ನೀರಿನಲ್ಲಿ ಕೈ ತೊಳೆದುಕೊಂಡ. ಹಸಿವು ಹೋಗಿತ್ತು. ಮೂವತ್ತೊಂದು ವರ್ಷದ ನೌಕರಿಯಲ್ಲಿ ಎಷ್ಟೋ ಸಾಕ್ಷಿ ನೋಡಿದ್ದ. ಯಾವುದೂ ಹೀಗೆ ಹಲ್ಲಿಗೆ ಸಿಕ್ಕಿರಲಿಲ್ಲ.

"ಅವತ್ತು? ಭಾನುವಾರ? ಅವತ್ತೂ ನೀರು ಬಂದಿತ್ತಾ?"

"ಬಂದಿತ್ತು. ಮೂರು ಗಂಟೆ ಮ್ಯಾಲೆ. ಅಪ್ಪು ಇಲ್ಲೇ, ನೀನು ಕುಂತಿರೋ ಜಾಗ್ದಲ್ಲೇ ಕುಂತು ಚಾ ಕುಡೀತಿದ್ದ. ರಾತ್ರಿ ಊಟಕ್ಕೆ ಅಂತ ಬೇಳೆ ಇಟ್ಟೆ. ಅವನು ಎದ್ದೋಗೋ ಹೊತ್ಗೆ ಕುದ್ದು ಒಡೀತಿತ್ತು. ಅವನು ಒಳಕ್ಕೋಗಿ ಹತ್ತು ನಿಮಿಷ ಆಗಿಲ್ಲ, ಧಡಾರ್ ಅಂತು."

"ಬೆಂದಿತ್ತಾ ಬೇಳೆ? ಸರಿಯಾಗಿ ಹೇಳು."

"ಬೆಂದಿತ್ತು ಅಂತೀನಲ್ಲ! ಬೇಯದೆ ಏನು?"

ಹಾಗಾದರೆ ಆ ಹೊತ್ತಿನಲ್ಲಿ ಮಿಷನ್ನಿಗೆ ಹೋಗುತ್ತಿದ್ದ ನೀರು ಗಡಸಾಗಿರಲಿಲ್ಲ.

"ಆ ನೀರು ಸ್ವಲ್ಪನಾದರೂ ಉಳಿದಿದೆಯಾ?"

ಪುಟ್ಟತಾಯಮ್ಮ ಹಿಂದಕ್ಕೆ ತಿರುಗಿ ನೋಡಿದಳು. ಮೂಲೆಯಲ್ಲಿ ರಾಗಿ ಚೀಲದ ಹಿಂದೆ ಗೋಣಿತಾಟು ಹೊದಿಸಿದ ನೀಲಿ ಕ್ಯಾನೊಂದು ಇತ್ತು. ಅರ್ಧಕ್ಕೂ ಮೇಲೆ ತುಂಬಿತ್ತು.

"ಅದ್ನ ಮುಟ್ಬೇಡ ಅಣ್ಣ. ಕೊನೇ ಕ್ಯಾನು ಅದು. ಇವತ್ತು ಬೇಯಿಸ್ಬುಡಾವ ಅಂತ ದಿನಾ ಬಗ್ತೀನಿ, ಕೈ ಬರಾಕಿಲ್ಲ."

"ಎರಡು ಸೌಟು ಸಾಕು ತಾಯಮ್ಮ."

ಒಂದು ಸೌಟಿಗೆ ಕ್ಯಾನಿನ ನೀರು, ಇನ್ನೊಂದಕ್ಕೆ ಬಿಂದಿಗೆಯ ಬೋರ್‌ವೆಲ್ ನೀರು. ಎರಡನ್ನೂ ಕೆಂಡದ ಮೇಲೆ ಹಿಡಿದು ಪೂರ್ತಿ ಇಂಗಿಸಿದ. ಬೋರ್‌ವೆಲ್ ಸೌಟಿನಲ್ಲಿ ಸುಣ್ಣ ಬಳಿದ ಹಾಗೆ ಬೆಳ್ಳಗೆ ಕರೆ ನಿಂತಿತು. ಕ್ಯಾನಿನ ಸೌಟು ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು.

ಚಲುವಯ್ಯ ಎರಡು ಸೌಟನ್ನೂ ಅಕ್ಕಪಕ್ಕ ಇಟ್ಟ. ಮಂಡಿ ನೋಯುತ್ತಿತ್ತು.

ಅವನಿಗೆ ನೆನಪಾದದ್ದು ಯಾಸಿನ್‌ನ ಕೆನ್ನೆ. "ಬೋರ್ ನೀರು ಹಾಕಿದ್ದು ಹೌದೇನ್ಲಾ?" ಎಂದು ಕೇಳಿ, ಉತ್ತರಕ್ಕೂ ಮೊದಲೇ ಒಂದು ಬಾರಿಸಿದ್ದ. "ಹೌದು ಸಾಬ್, ಕಾಲುವೇಲಿ ನೀರು ಬಿಟ್ಟಿರ್ಲಿಲ್ಲ," ಅಂದಿದ್ದ ಹುಡುಗ. ತಪ್ಪೊಪ್ಪಿಗೆ ಅಂದರೆ ಅಷ್ಟೇ. ಬೆಳಗ್ಗೆ ಒಂಬತ್ತಕ್ಕೆ ನೀರು ಇಳಿಸಿ ಪಾಂಡವಪುರಕ್ಕೆ ಹೋದವನು ಸಂಜೆವರೆಗೂ ಮನೆಯಲ್ಲೇ ಮಲಗಿದ್ದೆ ಅಂತಲೂ ಹೇಳಿದ್ದ. ಅದನ್ನು ಯಾರೂ ಕೆದಕಿರಲಿಲ್ಲ. ನೀರು ಇಳಿಸಿದ್ದನ್ನು ಒಪ್ಪಿಕೊಂಡ ಮೇಲೆ ಮಧ್ಯಾಹ್ನ ಎಲ್ಲಿದ್ದರೆ ಏನು?

ಬೋರ್ ನೀರು ಕೆಟ್ಟದ್ದು ಎಂದು ಚಲುವಯ್ಯನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನ ಅವ್ವ ಜೀವನವೆಲ್ಲ ಅದನ್ನು ಬೈದುಕೊಂಡೇ ಬೇಳೆ ಬೇಯಿಸಿದವಳು. ಬೇಳೆಯನ್ನೇ ಬೇಯಿಸದ ನೀರು ಮಿಷನ್ನನ್ನು ಉಳಿಸುತ್ತದೆಯೇ? ಆ ಲೆಕ್ಕದಲ್ಲೇ ಕೇಸು ಮುಗಿಸಿದ್ದ.

"ಸೌಟು ಎತ್ಕೊಂಡೋಗ್ತೀನಿ," ಅಂದ.

"ವಾಪಸ್ ತಂದ್ಕೊಡು. ನಿಮ್ ಸ್ಟೇಷನ್ಗೆ ಹೋದದ್ದು ಯಾವ್ದೂ ತಿರ್ಗಾ ಬರಾಕಿಲ್ಲ."

* * *

ಕಾರ್ಖಾನೆಯ ಮ್ಯಾನೇಜರ್ ಸಂತೋಷ್, ಕೆ.ಆರ್. ಪೇಟೆ ತಾಲ್ಲೂಕಿನವನೇ, ಸಂತೆಬಾಚಹಳ್ಳಿ ಕಡೆಯವನು. ಮೂವತ್ತೈದು ಇರಬಹುದು. ಗಡ್ಡ ಬೋಳಿಸಿ ವಾರವಾಗಿತ್ತು. ಕಿಟಕಿಯ ಆಚೆ ಸಿಡಿದ ಮಿಷನ್ ಮನೆಯ ಕಂಬಗಳು ಸೊಟ್ಟಗೆ ನಿಂತಿದ್ದವು. ಅವನು ಕುರ್ಚಿಯನ್ನು ಅದಕ್ಕೆ ಬೆನ್ನು ಮಾಡಿ ಹಾಕಿಕೊಂಡಿದ್ದ.

"ಮತ್ತೇನು ಸಾರ್? ಎಲ್ಲಾ ಕೊಟ್ಟಾಯ್ತಲ್ಲ."

"ಸುಮ್ಮನೆ ಬಂದೆ. ನಮ್ಮಂಥ ಹಳ್ಳಿ ಮುಕ್ಕನಿಗೆ ಒಂಚೂರು ಪಾಠ ಹೇಳಿ ನೋಡಾಣ. ಸೋಸಿದ ನೀರಿನ ತೊಟ್ಟಿ ಇದೆಯಲ್ಲ, ಅದು ತುಂಬಿದರೆ ಎಷ್ಟು ಹೊತ್ತು ಬರುತ್ತೆ?"

"ಎರಡು ಗಂಟೆ. ಚಿಕ್ಕ ತೊಟ್ಟಿ. ಒಂದು ಕಡೆ ಸೋಸಿ ತುಂಬುತ್ತಾ ಇರುತ್ತೆ, ಇನ್ನೊಂದು ಕಡೆ ಮಿಷನ್ ಕುಡೀತಾ ಇರುತ್ತೆ."

"ಅಂದರೆ ಹಳೇ ನೀರು ಎರಡು ಗಂಟೇಲಿ ಖಾಲಿ. ಬೆಳಗ್ಗೆ ಒಂಬತ್ತಕ್ಕೆ ಯಾಸಿನ್ ಸುರಿದ ನೀರೇ ಸೋಸಿಕೊಂಡು ಮಧ್ಯಾಹ್ನ ಮೂರಕ್ಕೆ ಆ ತೊಟ್ಟೀಲಿ ಇರುತ್ತೆ."

"ಇರಲೇಬೇಕು. ಅದಕ್ಕೇ ತಾನೇ ಸಾರ್ ಮಿಷನ್ ಹೋಗಿದ್ದು."

ಚಲುವಯ್ಯ ಎರಡು ಸೌಟನ್ನೂ ಗಾಜಿನ ಮೇಜಿನ ಮೇಲೆ ಇಟ್ಟ. ಬೇಳೆಯ ಕಥೆ ಹೇಳಿದ. ಸಂತೋಷ್ ಮೊದಲು ನಕ್ಕ. ಆಮೇಲೆ ಬೆಳ್ಳಗಿನ ಸೌಟನ್ನೂ ಹೊಳೆಯುವ ಸೌಟನ್ನೂ ಮತ್ತೆ ಮತ್ತೆ ನೋಡಿ ನಗುವುದನ್ನು ನಿಲ್ಲಿಸಿದ.

"ಆದರೆ ಸಾರ್, ನೀವೇ ತುಂಬಿಕೊಂಡು ಹೋದ ಬಾಟಲಿ? ಅದರಲ್ಲಿ ಉಪ್ಪಿನಂಶ ಇದೆ ಅಂತ ಸರ್ಕಾರದ ಲ್ಯಾಬೇ ಬರೆದಿದೆ."

"ಅಂಗಳದ ನಲ್ಲಿಯಿಂದ ತುಂಬಿದೆ. ಒಳಗೆ ಪೈಪೆಲ್ಲಾ ಕಿತ್ತುಹೋಗಿತ್ತು. ಆ ನಲ್ಲಿ ಸೋಸೋ ಮಿಷನ್ನಿಗಿಂತ ಹಿಂದಿನದೋ ಮುಂದಿನದೋ?"

ಸಂತೋಷ್ ಮೇಜು ನೋಡಿದ. "ಹಿಂದಿನದು. ಟ್ಯಾಂಕರ್ ನೀರು ನೇರ ಬರೋ ನಲ್ಲಿ."

"ನೀನು ಪಕ್ಕದಲ್ಲೇ ನಿಂತಿದ್ದೆ."

"ನೀವು ಕೇಳಲಿಲ್ಲ."

"ಬಾಯಿಗೆ ಬೀಗ ಹಾಕಿತ್ತೇನ್ಲಾ?" ಚಲುವಯ್ಯ ಮೇಜು ಗುದ್ದಿದ. ಸೌಟುಗಳು ಕುಣಿದವು. "ಒಬ್ಬ ತಾಯಿ ಇಪ್ಪತ್ತಮೂರು ದಿನದಿಂದ ಸ್ಟೇಷನ್ ಮುಂದಿನ ಹೊಂಗೆ ಮರದ ಕೆಳಗೆ ಬುತ್ತಿ ಹಿಡ್ಕೊಂಡು ಕೂತವಳೆ. ಜೈಲಿಗೆ ಕಳಿಸಿದ್ದೀವಿ ಅಂದರೂ ಏಳಲ್ಲ. ನೀವು ಕೇಳಲಿಲ್ಲ ಅಂತೀಯಾ ನೀನು?"

ಹೇಳುತ್ತಲೇ ಅವನ ಸಿಟ್ಟು ಅರ್ಧ ತನ್ನ ಮೇಲೇ ತಿರುಗಿತು. ಕೇಳದೆ ಇದ್ದವನು ತಾನೇ. ನೀರು ನೀರೇ ಅಂದುಕೊಂಡು ಬಾಟಲಿಗೆ ಅರಗು ಒತ್ತಿದವನೂ ತಾನೇ.

"ಸರಿ. ನೀರಲ್ಲ. ಮತ್ತೇನು?"

ಸಂತೋಷ್ ಎರಡೂ ಕೈಯಲ್ಲಿ ಮುಖ ಉಜ್ಜಿಕೊಂಡ. ಅವನಿಗೂ ಸಾಕಾಗಿತ್ತು ಎಂದು ಕಾಣುತ್ತದೆ. ಮಾತು ತಾನಾಗಿ ಬಂತು.

"ಒಂದು ಕೆಜಿ ಗ್ಯಾಸಿಗೆ ಐವತ್ತೈದು ಯೂನಿಟ್ ಕರೆಂಟು ಬೇಕು ಸಾರ್. ನಮ್ಮ ಖರ್ಚಲ್ಲಿ ದೊಡ್ಡ ಪಾಲು ಅದೇ. ಬಿಸಿಲಿನ ಕರೆಂಟು ಸಸ್ತಾ. ಆದರೆ ಒಳ್ಳೇ ಬಿಸಿಲು ದಿನಕ್ಕೆ ಐದಾರು ಗಂಟೆ. ಮಿಕ್ಕ ಹೊತ್ತೆಲ್ಲ ಕೋಟಿಗಟ್ಟಲೆ ಮಿಷನ್ನು ಸುಮ್ಮನೆ ನಿಂತಿರುತ್ತೆ, ಬಡ್ಡಿ ಮಾತ್ರ ನಿಲ್ಲಲ್ಲ. ನೆಲದಿಂದ ತೆಗೆಯೋ ಅನಿಲದಲ್ಲಿ ಮಾಡೋರು ಇದೇ ಗ್ಯಾಸನ್ನ ನಮ್ಮ ಅರ್ಧ ರೇಟಿಗೆ ಮಾರ್ತಾರೆ. ನಾವು ಬದುಕಬೇಕು ಅಂದರೆ ದೊಡ್ಡದಾಗಬೇಕು. ಹೊಣಕೆರೆ ಹತ್ತಿರ ಇದರ ಹತ್ತರಷ್ಟು ಇನ್ನೊಂದು ಹಾಕೋಕೆ ಜಾಗ ನೋಡಿದ್ದೀವಿ."

"ಹಾಕಿ. ನಾನು ಬೇಡ ಅಂದೆನಾ?"

"ಸಾಲ ಕೊಡೋರು ಒಂದು ಷರತ್ತು ಹಾಕಿದ್ದರು. ತೊಂಬತ್ತು ದಿನ ಓಡಿಸಿ ತೋರಿಸಿ. ಹಗಲಲ್ಲಿ ಒಂದು ಸಲವೂ ನಡುವೆ ನಿಲ್ಲಬಾರದು."

"ಆ ಭಾನುವಾರ ಎಷ್ಟನೇ ದಿನ?"

"ಎಂಬತ್ತೇಳು."

ಚಲುವಯ್ಯ ಕಿಟಕಿಯ ಕಡೆ ನೋಡಿದ. ಆ ಮಧ್ಯಾಹ್ನ ಅವನಿಗೆ ನೆನಪಿತ್ತು. ಆದಿಚುಂಚನಗಿರಿಯ ಬೆಟ್ಟದ ಮೇಲೆ ಮೋಡ ಕಟ್ಟಿ, ಮೂರು ಗಂಟೆಗೇ ದೀಪ ಹಚ್ಚುವ ಹಾಗೆ ಕತ್ತಲಾಗಿತ್ತು.

"ಮೋಡ ಬಂದರೆ ಏನಾಗುತ್ತೆ?"

"ಕರೆಂಟು ಇಳಿಯುತ್ತೆ. ತೀರಾ ಇಳಿದರೆ ಒಂದು ಕಡೆ ಗ್ಯಾಸು ನಡುವಿನ ಪರದೆ ದಾಟಿ ಇನ್ನೊಂದು ಕಡೆಗೆ ಸೇರಿಕೊಳ್ಳುತ್ತೆ. ಎರಡೂ ಬೆರೆತರೆ..." ಅವನು ಹಿಂದೆ ತಿರುಗದೆ ಹೆಬ್ಬೆರಳಿನಲ್ಲಿ ಕಿಟಕಿಯನ್ನು ತೋರಿಸಿದ. "ಅದಕ್ಕೇ ಅಲಾರಂ ಇದೆ. ಬೆರೆಯೋಕೆ ಶುರುವಾದರೆ ಮಿಷನ್ನನ್ನ ತಾನೇ ನಿಲ್ಲಿಸುತ್ತೆ."

"ನಿಲ್ಲಿಸಲಿಲ್ಲ."

"ಒಂದು ಕೀಲಿ ಇದೆ ಸಾರ್. ರಿಪೇರಿ ಹೊತ್ತಿಗೆ ಅಂತ. ಅದನ್ನ ತಿರುಗಿಸಿದರೆ ಅಲಾರಂ ಬಾಯಿ ಮುಚ್ಚುತ್ತೆ, ಮಿಷನ್ ಓಡ್ತಾನೇ ಇರುತ್ತೆ."

ಅವನು ಬೀರು ತೆರೆದು ಕೆಂಪು ರಟ್ಟಿನ ರಿಜಿಸ್ಟರ್ ತಂದಿಟ್ಟ. ಕೀಲಿ ತೆಗೆದವರು ಹೆಸರು, ಸಮಯ ಬರೆಯಬೇಕು. ಆ ಭಾನುವಾರದ ಸಾಲಿನಲ್ಲಿ ಒಂದೇ ನಮೂದು: ಅಪ್ಪು, ಮೂರು ಗಂಟೆ ಹತ್ತು ನಿಮಿಷ.

"ಇದನ್ನ ಇಷ್ಟು ದಿನ ಬಚ್ಚಿಟ್ಟಿದ್ದೆ."

"ಸತ್ತವನ ಮೇಲೆ ಹಾಕೋಕೆ ಮನಸ್ಸಾಗಲಿಲ್ಲ. ಅವರಮ್ಮ ಯಶೋದಮ್ಮನಿಗೆ ಪರಿಹಾರವೂ ಸಿಗ್ತಿರಲಿಲ್ಲ. ಮತ್ತೆ... ನೀವು ಕೇಳಿದ್ದೆಲ್ಲ ನೀರಿನ ವಿಷಯ."

"ಬದುಕಿದ್ದವನ ಮೇಲೆ ಹಾಕೋಕೆ ಮನಸ್ಸಾಯ್ತು." ಚಲುವಯ್ಯ ರಿಜಿಸ್ಟರನ್ನು ಮುಚ್ಚಿ ಕಂಕುಳಿಗೆ ಸೇರಿಸಿದ. "ಇನ್ನೊಂದು ಹೇಳ್ತೀನಿ ಕೇಳು. ಮೂರು ಹತ್ತಕ್ಕೆ ಅಪ್ಪು ಕೀಲಿ ಹತ್ತಿರ ಇರಲಿಲ್ಲ. ಎದುರಿಗಿನ ಶೆಡ್ಡಲ್ಲಿ ಚಾ ಕುಡೀತಿದ್ದ. ಮೂರೂವರೆವರೆಗೂ ಅಲ್ಲೇ ಇದ್ದ."

ಸಂತೋಷನ ಮುಖ ನಿಜವಾಗಿಯೂ ಖಾಲಿಯಾಯಿತು. ಇಷ್ಟು ವರ್ಷ ಸುಳ್ಳು ನೋಡಿದ ಚಲುವಯ್ಯನಿಗೆ ಅದು ಸುಳ್ಳಿನ ಮುಖ ಅನ್ನಿಸಲಿಲ್ಲ.

"ಸಾಧ್ಯ ಇಲ್ಲ ಸಾರ್. ಅವತ್ತು ಒಳಗೆ ಅವನೊಬ್ಬನೇ. ಭಾನುವಾರ ಒಬ್ಬರೇ ಡ್ಯೂಟಿ. ಖರ್ಚು ಉಳಿಸೋಕೆ ಗೇಟಿನ ವಾಚ್‌ಮನ್ನನ್ನೂ ಭಾನುವಾರ ತೆಗೆದಿದ್ದೆ. ನಾನು ಬೆಂಗಳೂರಲ್ಲಿ ಸಾಲದವರ ಮುಂದೆ ಕೂತಿದ್ದೆ, ನೀವೇ ವಿಚಾರಿಸಿದ್ದೀರಿ."

ವಿಚಾರಿಸಿದ್ದ. ಅದು ನಿಜವಾಗಿತ್ತು.

"ಹಾಗಾದರೆ ಅಪ್ಪು ಹೆಸರು ಬರೆದು ಕೀಲಿ ತಿರುಗಿಸಿದವರು ಯಾರು?"

ಚಲುವಯ್ಯ ಸೌಟು ಎತ್ತಿಕೊಂಡು ಹೊರಟ.

ಗೇಟಿನ ಹೊರಗೆ ನಿಂತು ಯಾಸಿನ್‌ನ ತಾಯಿ ಅಮೀನಾಬೀಗೆ ಫೋನು ಮಾಡಿದ. ಮಾಡಬಾರದಿತ್ತು. ಆದರೆ ಇಪ್ಪತ್ತಮೂರು ದಿನ ಆ ಬುತ್ತಿ ಡಬ್ಬಿ ನೋಡಿ ನೋಡಿ ಅವನ ಕಣ್ಣು ಸೋತಿತ್ತು.

"ನಾಳೆ ನಿನ್ನ ಮಗ ಮನೆಗೆ ಬರ್ತಾನೆ ಕಣಮ್ಮ. ನಾನೇ ಬರೆದುಕೊಡ್ತೀನಿ."

"ಅಲ್ಲಾ ನಿಮ್ಗೆ ಆಯುಷ್ಯ ಕೊಡ್ಲಿ ಸಾಬ್," ಅಂದಳು. "ಹೊಡೆದಿದ್ದು ಮರ್ತು ಬಿಡ್ತೀನಿ."

* * *

ಪುಟ್ಟತಾಯಮ್ಮ ಸೌಟನ್ನು ಎಣಿಸಿಕೊಂಡು ಒಳಗಿಟ್ಟಳು.

"ಕ್ಯಾನು ತಗೊಂಡೋಗ್ಬೇಕು ತಾಯಮ್ಮ. ಸೀಲ್ ಮಾಡಿ ಲ್ಯಾಬಿಗೆ ಕಳಿಸ್ತೀನಿ. ಸೌಟು ತೋರಿಸಿದರೆ ಜಡ್ಜು ನನ್ನನ್ನೇ ಒಳಕ್ಕೆ ಹಾಕ್ತಾರೆ."

ಆಕೆ ಗೋಣಿತಾಟನ್ನು ಸರಿಸಿದಳು. ಬೇಡ ಅನ್ನಲಿಲ್ಲ. "ಆ ಸಾಬ್ರ ಹುಡ್ಗ ಬುಡುಗಡೆ ಆಯ್ತಾನಾ ಇದ್ರಿಂದ?"

"ಆಗ್ತಾನೆ."

"ಅಂಗಾದ್ರೆ ತಗೊಂಡೋಗು."

ಚಲುವಯ್ಯ ಬೆಂಚಿನ ಮೇಲೆ ಹಾಳೆ ಹರಡಿ ಆಕೆಯ ಹೇಳಿಕೆ ಬರೆಯತೊಡಗಿದ. ಕ್ಯಾನು ಎಲ್ಲಿಂದ ಬಂತು, ಯಾವಾಗ ಬಂತು, ಯಾರ ಕೈಯಿಂದ ಬಂತು, ಎಲ್ಲವೂ ಸಾಲು ಸಾಲಾಗಿ ಇರಬೇಕು. ಇಲ್ಲದಿದ್ದರೆ ವಕೀಲರು ಹರಿದು ಹಾಕುತ್ತಾರೆ. ಈ ಸಲ ಅವನು ಒಂದನ್ನೂ ಬಿಡಲು ತಯಾರಿರಲಿಲ್ಲ.

"ಮೂರು ಗಂಟೆ ಹೊತ್ತಿಗೆ ಅಪ್ಪು ಬಂದ. ಸರೀನಾ?"

"ಸರಿ."

"ಕ್ಯಾನು ತಂದುಕೊಟ್ಟ."

ಚಲುವಯ್ಯ ತಲೆ ಎತ್ತಿದ. ಪುಟ್ಟತಾಯಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ಏನು?"

"ಅವತ್ತು ಅಪ್ಪು ತರ್ಲಿಲ್ಲ ಅಣ್ಣ. ಅವನಿಗೆ ಸೊಂಟ ಹಿಡ್ಕಂಡಿತ್ತು. ಬರಿಗೈಲಿ ಬಂದು ಕುಂತ."

"ಮತ್ತೆ? ಕ್ಯಾನು ತಾನೇ ನಡ್ಕೊಂಡು ಬಂತಾ?"

"ಯಾಸಿನ್ ಬಂದಿದ್ದ." ಆಕೆಯ ದನಿ ಒಲೆಯ ಸದ್ದಿಗಿಂತ ಕೆಳಗಿತ್ತು. "ನೀನು ಕುಂತ್ಕೊ, ನಾನೇ ತುಂಬ್ಕಬತ್ತೀನಿ ಅಂತ ಖಾಲಿ ಕ್ಯಾನ್ ಈಸ್ಕಂಡು ಒಳಕ್ಕೋದ. ಕಾಲು ಗಂಟೆ ಆದ್ಮೇಲೆ ತುಂಬ್ಕಂಡು ಬಂದ."

ಚಲುವಯ್ಯನಿಗೆ ಕಾರ್ಖಾನೆಯ ನಕ್ಷೆ ಬಾಯಿಪಾಠವಾಗಿತ್ತು. ಸೋಸಿದ ನೀರಿನ ಕೋಣೆ. ಅದರ ಬಾಗಿಲ ಪಕ್ಕದ ಗೋಡೆಗೆ ಮೊಳೆ ಹೊಡೆದ ಕೀಲಿ ಪೆಟ್ಟಿಗೆ. ಕೆಳಗೆ ಕೆಂಪು ರಿಜಿಸ್ಟರಿಗೆ ಅಂತ ದಾರ ಕಟ್ಟಿದ ಪೆನ್ನು.

"ಮೂರು ಹತ್ತಕ್ಕೆ ಅವನು ಒಳಗಿದ್ದ."

"ಗಂಟೆ ನಂಗೊತ್ತಿಲ್ಲ. ನಾಲ್ಕಕ್ಕೆ ಬರೋ ಬಸ್ಸು ಇನ್ನೂ ಬಂದಿರ್ಲಿಲ್ಲ."

"ಇಷ್ಟು ದಿನ ಯಾಕೆ ಹೇಳಲಿಲ್ಲ ನೀನು?" ಅವನು ಕೂಗಿದ. ಬೆಂಚಿನ ಕೆಳಗೆ ಮಲಗಿದ್ದ ನಾಯಿ ಎದ್ದು ಹೋಯಿತು. "ಆಗಲೇ ಸೌಟು ಕಾಯಿಸುವಾಗಲಾದರೂ ಬಾಯಿ ಬಿಡಬಾರದಾ?"

"ನೀನು ಕೇಳಿದ್ದು ನೀರಿನ್ ವಿಷ್ಯ ತಾನೇ ಅಣ್ಣ?" ಪುಟ್ಟತಾಯಮ್ಮನ ಕಣ್ಣಲ್ಲಿ ನೀರು ತುಂಬಿತು. "ನೀರು ಕೊಟ್ಟೋನ್ನ ನೀರು ಕೆಡಿಸ್ದ ಅಂತ ಒಳಕ್ಕಾಕಿದ್ರಿ. ಅವನು ಇಲ್ಲಿದ್ದ ಅಂದ್ರೆ ಇನ್ನೂ ಹೊಡೀತೀರಿ ಅನ್ಕಂಡೆ."

ಚಲುವಯ್ಯ ದನಿ ತಗ್ಗಿಸಿದ. ಕೂಗಲೂ ಶಕ್ತಿ ಉಳಿದಿರಲಿಲ್ಲ. "ಕ್ಯಾನು ಇಳಿಸಿ ಏನು ಮಾಡಿದ?"

"ಅಪ್ಪು ಹತ್ರ ನಿಂತ. ಚಾ ಕೊಟ್ಟೆ, ಬಾಯ್ಗಿಡೋಕೆ ಮುಂಚೆ ಅರ್ಧ ಚೆಲ್ಕಂಡ. ಆಮೇಲೆ ಅಪ್ಪು ಭುಜ ಮುಟ್ಟಿ ಒಂದೇ ಮಾತು ಅಂದ."

"ಏನಂತ?"

"'ಒಳಗೆ ನಿನ್ನ ಕರೀತಾವ್ರೆ, ಹೋಗು ಕಣ್ಲಾ' ಅಂದ. ಅಪ್ಪು ಎದ್ದು ಓಡ್ದ. ಯಾಸಿನ್ ಯಾವ್ ಕಡೀಕೋದ್ನೋ ನಾನು ನೋಡ್ಲಿಲ್ಲ. ಅಪ್ಪು ಲೋಟ ಇನ್ನೂ ಬಿಸಿ ಇತ್ತು."

ಒಳಗೆ ಯಾರೂ ಇರಲಿಲ್ಲ. ಮ್ಯಾನೇಜರ್ ಬೆಂಗಳೂರಿನಲ್ಲಿದ್ದ. ವಾಚ್‌ಮನ್ ಇರಲಿಲ್ಲ. ಡ್ಯೂಟಿಯಲ್ಲಿದ್ದ ಒಬ್ಬನೇ ಒಬ್ಬ ಇಲ್ಲಿ ಕೂತು ಚಾ ಕುಡಿಯುತ್ತಿದ್ದ. ಹಾಗಿರುವಾಗ ಅಪ್ಪುವನ್ನು ಕರೆದವರು ಯಾರು? ಅಥವಾ ಯಾರೂ ಕರೆಯದೆಯೇ ಯಾಸಿನ್ ಅವನನ್ನು ಒಳಕ್ಕೆ ಕಳಿಸಿದನೇ?

ಹಾಳೆಯ ಮೇಲೆ ಅರ್ಧ ಸಾಲು ನಿಂತಿತ್ತು: ಸದರಿ ಕ್ಯಾನನ್ನು ತಂದುಕೊಟ್ಟವರು... ಆ ಜಾಗ ತುಂಬದಿದ್ದರೆ ಕ್ಯಾನು ಸಾಕ್ಷಿಯಾಗುವುದಿಲ್ಲ, ಯಾಸಿನ್ ಬಿಡುಗಡೆಯಾಗುವುದಿಲ್ಲ. ತುಂಬಿದರೆ ನೀರಿನ ಕೇಸು ಬಿದ್ದು ಕೊಲೆಯ ಕೇಸು ಏಳುತ್ತದೆ.

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅಮೀನಾಬೀ.

"ಸಾಬ್, ತೊಂದ್ರೆ ಕೊಡ್ತೀನಿ ಅನ್ಕೊಬೇಡಿ," ಅಂದಳು. ಹಿಂದೆ ಯಾರೋ ನಗುತ್ತಿದ್ದರು. ಆ ಮನೆಯಲ್ಲಿ ಬಹಳ ದಿನದ ಮೇಲೆ ಕೇಳಿಸಿದ ನಗು ಇರಬೇಕು. "ನಾಳೆ ಕೋರ್ಟಿಗೆ ಅವನ್ದು ಯಾವ ಅಂಗಿ ತರ್ಲಿ? ನೀಲಿದು ಇದೆ, ಆದ್ರೆ ಅದ್ರ ತೋಳು ಸುಟ್ಟೋಗಿದೆ. ಆ ಭಾನುವಾರ ಹಾಕ್ಕೊಂಡಿದ್ದ ಅಂಗಿ ಸಾಬ್. ಎಲ್ಲಿ ಸುಡ್ಸ್‌ಕೊಂಡ್ಯೋ ಬೇಟಾ ಅಂದ್ರೆ ಹೇಳ್ಲೇ ಇಲ್ಲ."